ಬೆನ್ನು ಹೇಳುವ ಅಂತಸ್ತು

ಕೇಳುಗರಿಗೆ ನಮಸ್ಕಾರ.

ಮೊಬೈಲ್ ಕವರ್ ಮಾರುವ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ಐಫೋನ್ ಹಿಡಿದು ಬರುವವರಲ್ಲಿ ಅನೇಕರು ಕೇಳುವುದು ಪಾರದರ್ಶಕ ಕವರು, ಇಲ್ಲವೇ ಸೇಬಿನ ಗುರುತು ಕಾಣುವಂತೆ ದುಂಡಗೆ ತೂತು ಬಿಟ್ಟದ್ದು. ಬಿದ್ದರೆ ಫೋನು ಒಡೆಯಬಾರದು, ಗುರುತೂ ಮುಚ್ಚಬಾರದು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಬಂದ ಕರೆಗೂ ದುಡ್ಡು ತೆರಬೇಕಿತ್ತು. ಜೇಬಿನಲ್ಲಿ ಫೋನ್ ಇದ್ದರೇ ದೊಡ್ಡ ಮನುಷ್ಯ. 2003ರಲ್ಲಿ ಒಳಬರುವ ಕರೆ ಉಚಿತವಾಯಿತು, ಫೋನು ಎಲ್ಲರ ಕೈಗೂ ಬಂತು. ಆಮೇಲೆ ಕೇಳುವ ಪ್ರಶ್ನೆಯೇ ಬದಲಾಯಿತು: ಯಾವ ಫೋನು?

ಅಮೆರಿಕದ ಹುಡುಗರು ಐಫೋನಿನಲ್ಲಿ ಮೆಸೇಜಿನ ಗುಳ್ಳೆ ನೀಲಿಯೋ ಹಸಿರೋ ಎಂದು ನೋಡಿ ಫೋನನ್ನು ಅಳೆಯುತ್ತಾರೆ: ನೀಲಿಯಾದರೆ ಕಳಿಸಿದವರದೂ ಐಫೋನು, ಹಸಿರಾದರೆ ಬೇರೆ. ನಮ್ಮಲ್ಲಿ ಎಲ್ಲರದೂ ವಾಟ್ಸಾಪ್. ಎಂಟು ಸಾವಿರದ ಫೋನಿನಿಂದ ಬಂದ ‘ಶುಭೋದಯ’ಕ್ಕೂ ಲಕ್ಷದ ಫೋನಿನಿಂದ ಬಂದದ್ದಕ್ಕೂ ವ್ಯತ್ಯಾಸವೇ ಕಾಣದು. ಹಾಗಾಗಿ ಪರದೆ ಹೇಳದ್ದನ್ನು ಫೋನಿನ ಬೆನ್ನು ಹೇಳಬೇಕು.

ತಯಾರಕರಿಗೆ ಇದು ಚೆನ್ನಾಗಿ ಗೊತ್ತು. ಅಗ್ಗದ ಫೋನಿನ ಬೆನ್ನಿನಲ್ಲೂ ಮೂರು ಕಣ್ಣು ಕೂರಿಸುತ್ತಾರೆ. ಅನೇಕ ಮಾದರಿಗಳಲ್ಲಿ ನಿಜವಾಗಿ ದುಡಿಯುವುದು ಒಂದೇ. ಇನ್ನೊಂದು 2 ಮೆಗಾಪಿಕ್ಸೆಲ್ಲಿನದು, ಮೂರನೆಯದು ಬರೀ ಫ್ಲ್ಯಾಶ್ ಇಟ್ಟ ಉಂಗುರ. ಪರೀಕ್ಷೆ ಸುಲಭ. ಕ್ಯಾಮೆರಾ ತೆರೆದು ಜೂಮ್ ಜಾಗದಲ್ಲಿ 0.5 ಅಥವಾ 0.6 ಇದೆಯೇ ನೋಡಿ. ಇಲ್ಲದಿದ್ದರೆ ಅಗಲ ಚಿತ್ರದ ಲೆನ್ಸೇ ಇಲ್ಲ. ಆಮೇಲೆ ಒಂದೊಂದೇ ಕಣ್ಣನ್ನು ಬೆರಳಿನಿಂದ ಮುಚ್ಚಿ. ಯಾವ ಮೋಡಿನಲ್ಲಿಟ್ಟರೂ ಪರದೆ ಕಪ್ಪಾಗದಿದ್ದರೆ ಆ ಕಣ್ಣು ಬಹುಮಟ್ಟಿಗೆ ಶೋಕಿಯದು.

ಇನ್ನು ‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿಯೇ ಇಲ್ಲ ಎಂದು ಹೇಳಿ ಕೊಡುವ ತಿಂಗಳ ಕಂತು. ಸಂಬಳಕ್ಕೂ ಅಂತಸ್ತಿಗೂ ನಡುವಿನ ಕಂದಕದ ಮೇಲೆ ಹಾಸಿದ ಹಲಗೆ ಇದು. 60,000 ರೂಪಾಯಿಯ ಫೋನು, ತಿಂಗಳಿಗೆ 5,000ದಂತೆ 12 ಕಂತು, ಬಡ್ಡಿ ವರ್ಷಕ್ಕೆ ಶೇಕಡಾ 16 ಎಂದಿಟ್ಟುಕೊಳ್ಳಿ. ಬ್ಯಾಂಕು ಸಾಲವೆಂದು ಬರೆಯುವುದು ಸುಮಾರು 55,100. ಉಳಿದ 4,900 ಬಡ್ಡಿ. ಆ ಬಡ್ಡಿಯಷ್ಟನ್ನು ಅಂಗಡಿಯೋ ಕಂಪನಿಯೋ ಬೆಲೆಯಲ್ಲಿ ಬಿಟ್ಟುಕೊಡುತ್ತದೆ. ಆದರೆ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ಆ ಬಡ್ಡಿಯ ಮೇಲಿನ ಶೇಕಡಾ 18 ಜಿಎಸ್‌ಟಿ, ಅಂದರೆ ಸುಮಾರು 880 ರೂಪಾಯಿ, ನಿಮ್ಮ ತಲೆಗೆ. ಪ್ರೊಸೆಸಿಂಗ್ ಶುಲ್ಕ 199 ಇದ್ದರೆ ತೆರಿಗೆ ಸೇರಿ 235. ಒಟ್ಟು 1,115 ಹೆಚ್ಚಾಯಿತು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಅಂಗಡಿಯಲ್ಲಿ ಮೊದಲು ಕೇಳಬೇಕಾದ ಮಾತು ಒಂದೇ: ‘ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡ್ತೀರಿ?’ ಅಲ್ಲಿ ನಾಲ್ಕು ಸಾವಿರ ಇಳಿದರೆ, ಕಂತಿನ ನಿಜವಾದ ಬೆಲೆ ಐದು ಸಾವಿರ ದಾಟಿತು. ಕಾರ್ಡಿಲ್ಲದೆ ಫೈನಾನ್ಸ್ ಕಂಪನಿಯ ಸಾಲದಲ್ಲಿ ಕೊಂಡು, ಕಂತಿನ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ಯಾಂಕಿನದೊಂದು ದಂಡ, ಸಾಲ ಕೊಟ್ಟವರದೊಂದು. ಸಾಲ ಸರಿಯಾಗಿ ತೀರಿಸುತ್ತೀರಾ ಎಂದು ತೋರಿಸುವ ಸಿಬಿಲ್ ಅಂಕಕ್ಕೂ ಪೆಟ್ಟು.

ಸಾಲ ಬೇಡವೆನ್ನುವವರು ಸೆಕೆಂಡ್ ಹ್ಯಾಂಡ್ ಐಫೋನಿಗೆ ಹೋಗುತ್ತಾರೆ. ಅದು ದಡ್ಡತನವೇನಲ್ಲ, ಬಹಳ ವರ್ಷ ಅಪ್‌ಡೇಟ್ ಸಿಗುತ್ತದೆ, ಮರುಮಾರಾಟದಲ್ಲೂ ಬೆಲೆ ಉಳಿಯುತ್ತದೆ. ಸೆಟ್ಟಿಂಗ್ಸಿನಲ್ಲಿ ಬ್ಯಾಟರಿ ಹೆಲ್ತ್ ಶೇಕಡಾ 80ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಇಂಗ್ಲಿಷಿನಲ್ಲಿ ಕೆ-ವೈ-ಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆಯನ್ನು 14422ಕ್ಕೆ ಎಸ್ಸೆಮ್ಮೆಸ್ ಮಾಡಿ. ಉತ್ತರದಲ್ಲಿ ಬರುವ ಮಾದರಿ ಕೈಯಲ್ಲಿರುವುದಕ್ಕೆ ತಾಳೆಯಾಗದಿದ್ದರೆ ವಾಪಸ್ ಕೊಟ್ಟುಬಿಡಿ.

ಅಂತಸ್ತಿನ ಲೆಕ್ಕ ಮನೆಯೊಳಗೂ ಇದೆ. ಹೊಸ ಫೋನು ಯಜಮಾನರಿಗೋ ಕಾಲೇಜಿನ ಮಗನಿಗೋ. ಅವರ ಹಳೆಯದು ಹೆಂಡತಿಗೆ, ಆಕೆಯದು ಅತ್ತೆಗೆ. ಹೀಗೆ ಇಳಿದಿಳಿದು ಬಂದ ಫೋನಿನಲ್ಲೇ ಅಜ್ಜಿಯ ಪಿಂಚಣಿ ಖಾತೆಯ ಒಟಿಪಿ ಬರುತ್ತದೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸಿನ ‘ಅಬೌಟ್ ಫೋನ್’ ತೆರೆದು ಸೆಕ್ಯುರಿಟಿ ಅಪ್‌ಡೇಟಿನ ತಾರೀಕು ನೋಡಿ. ಅದು ಎರಡು ವರ್ಷ ಹಿಂದಿನದಾಗಿದ್ದರೆ, ಈ ಸಲದ ಹೊಸ ಫೋನು, ಹತ್ತು ಸಾವಿರದ್ದೇ ಆಗಲಿ, ಅಜ್ಜಿಗೇ ಹೋಗಲಿ.