ಹೆಸರು ಹೆದರ್ ಹೂವಿಗೆ, ದುಡಿಮೆ ಇನ್ನೊಂದು ಎಲೆಯದು: ಸ್ಕಾಟ್ಲೆಂಡಿನ ‘ಫ್ರೂಖ್’ ಏಲ್

[ದೃಶ್ಯ: ಬಾಟಲಿಯ ಲೇಬಲ್, ಪಕ್ಕದಲ್ಲಿ ಅಗಲ ಬಾಯಿಯ ಲೋಟ]

ನಮಸ್ಕಾರ. ಮದ್ಯಪಾನಕ್ಕೆ ಕಾನೂನಿನ ವಯಸ್ಸಾಗದವರು ಈ ವಿಡಿಯೋವನ್ನು ಬಿಟ್ಟು ಮುಂದೆ ಹೋಗಿ.

ಇದು ಫ್ರೂಖ್. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಹೆದರ್ ಎಂದೇ ಅರ್ಥ. ಸ್ಕಾಟ್ಲೆಂಡಿನ ಅಲೋವಾ ಪಟ್ಟಣದ ವಿಲಿಯಮ್ಸ್ ಬ್ರದರ್ಸ್ ಕಂಪನಿ ತಯಾರಿಸುವ ಏಲ್ ಬಗೆಯ ಬಿಯರ್, ಮದ್ಯದ ಪ್ರಮಾಣ ಶೇ 5. ಇದರಲ್ಲಿ ಮುಖ್ಯವಾಗಿ ಬೀಳುವುದು ಬಾರ್ಲಿಯ ಮಾಲ್ಟ್, ಹೆದರ್ ಹೂವು, ಬಾಗ್ ಮಿರ್ಟಲ್ ಎಂಬ ಗಿಡದ ಎಲೆ. ಆಗಸ್ಟ್‌ನಲ್ಲಿ ಅಲ್ಲಿನ ಗುಡ್ಡಗಳನ್ನು ನೇರಳೆಯಾಗಿಸುವ ಕುರುಚಲು ಪೊದೆಯೇ ಹೆದರ್. ಬಾಗ್ ಮಿರ್ಟಲ್ ಬೆಳೆಯುವುದು ಜೌಗು ನೆಲದಲ್ಲಿ. ಹೆಸರೆಲ್ಲ ಮೊದಲನೆಯದಕ್ಕೆ, ನನ್ನ ನಾಲಿಗೆ ಕೇಳಿದರೆ ದುಡಿದದ್ದು ಎರಡನೆಯದು.

[ದೃಶ್ಯ: ಗುಡ್ಡಗಾಡು, ನಂತರ ಹಳೆಯ ನಕ್ಷೆ]

ಮೊದಲು ಒಂದು ದಂತಕಥೆ. ಹೆದರ್ ಏಲ್‌ನ ಗುಟ್ಟು ತಿಳಿದವರು ಸ್ಕಾಟ್ಲೆಂಡಿನ ಪ್ರಾಚೀನ ಪಿಕ್ಟ್ ಜನಾಂಗದ ಕೊನೆಯ ತಂದೆ ಮತ್ತು ಮಗ ಮಾತ್ರ. ವೈರಿ ರಾಜ ಇಬ್ಬರನ್ನೂ ಹಿಡಿದ. ‘ಮಗನ ಎದುರು ಹೇಳಲು ನಾಚಿಕೆ, ಅವನನ್ನು ಮೊದಲು ಕೊಲ್ಲಿ’ ಎಂದ ತಂದೆ. ಕೊಂದರು. ‘ಅವನು ಬಾಯಿ ಬಿಟ್ಟಾನೆಂದು ಹೆದರಿದ್ದೆ. ಇನ್ನು ಗುಟ್ಟು ನನ್ನೊಂದಿಗೇ ಸಾಯುತ್ತದೆ’ ಎಂದ ಮುದುಕ.

ಕಥೆ ಚೆನ್ನಾಗಿದೆ, ಆದರೆ ಗುಟ್ಟು ಸಾಯಲಿಲ್ಲ. 1772ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳನ್ನು ಸುತ್ತಿದ ಪ್ರವಾಸಿ ಬರಹಗಾರ ಥಾಮಸ್ ಪೆನಂಟ್, ಅಲ್ಲಿನ ಐಲಾ ದ್ವೀಪದಲ್ಲಿ ಎಳೆಯ ಹೆದರ್ ತುದಿಗಳು ಎರಡು ಪಾಲು, ಮಾಲ್ಟ್ ಒಂದು ಪಾಲು ಸೇರಿಸಿ ಏಲ್ ಮಾಡುತ್ತಾರೆಂದು ದಾಖಲಿಸಿದ. ಅಲ್ಲಿಯದೇ ರಮ್ ಎಂಬ ದ್ವೀಪದಲ್ಲಿ ಸಿಕ್ಕ ಸುಮಾರು 4,000 ವರ್ಷ ಹಳೆಯ ಮಡಕೆಚೂರಿನಲ್ಲಿಯೂ ಹೆದರ್ ಪರಾಗವಿತ್ತು. ಅದು ಮದ್ಯವೋ ಜೇನೋ ಎಂಬ ವಾದ ಬೇರೆ.

ಈಗಿನ ಪಾಕದ ಕಥೆ 1980ರ ದಶಕದ್ದು. ಗ್ಲಾಸ್ಗೋದಲ್ಲಿ ಮನೆಬಿಯರ್ ಸಾಮಗ್ರಿಯ ಅಂಗಡಿ ಇಟ್ಟಿದ್ದ ಬ್ರೂಸ್ ವಿಲಿಯಮ್ಸ್ ಅವರಿಗೆ ಗೇಲಿಕ್ ಮಾತನಾಡುವ ಮಹಿಳೆಯೊಬ್ಬರು ಮನೆತನದ ಪಾಕವಿಧಾನವೊಂದನ್ನು ತಂದುಕೊಟ್ಟರಂತೆ.

[ದೃಶ್ಯ: ಕುದಿಯುವ ಹಂಡೆ]

ಮಾಲ್ಟಿನ ಸಿಹಿರಸವನ್ನು ಬಾಗ್ ಮಿರ್ಟಲ್ ಎಲೆ ಮತ್ತು ಹೆದರ್‌ನೊಂದಿಗೆ ಕುದಿಸುತ್ತಾರೆ. ಆ ಬಿಸಿ ರಸವನ್ನು ತಾಜಾ ಹೆದರ್ ಹೂಗಳಿರುವ ತೊಟ್ಟಿಗೆ ಸುರಿದು ಸುಮಾರು ಒಂದು ಗಂಟೆ ಬಿಡುತ್ತಾರೆ. ಹುದುಗು ಬರಿಸುವುದು ಆಮೇಲೆ. ಈ ತಾಜಾ ಹೂವನ್ನು ಕುದಿಸದಿರುವುದು ಜಾಣತನ. ಕುದಿಸಿದರೆ ಪರಿಮಳ ಆವಿಯೊಂದಿಗೆ ಹೋಗುತ್ತದೆ.

[ದೃಶ್ಯ: ಸುರಿಯುವುದು, ಹತ್ತಿರದಿಂದ]

ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಡಿ, 10–12 ಡಿಗ್ರಿ ಸಾಕು. ತೀರಾ ತಣ್ಣಗಿದ್ದರೆ ಹೂವಿನ ಸುಳಿವೇ ಸಿಗದು. ಬಣ್ಣ ಹೊನ್ನಿನದು, ತುಸು ಕಂದು ಛಾಯೆ. ಮೂಗಿಗೆ ಮೊದಲು ತಾಗುವುದು ಜೇನಿನ ನೆನಪು ತರುವ ಹೂಗಂಪು. ಅದು ಹೆದರ್. ಬಂದಷ್ಟೇ ಬೇಗ ಹೋಗುತ್ತದೆ.

ಗುಟುಕರಿಸಿದಾಗ ಮಾಲ್ಟಿನ ಹದವಾದ ಸಿಹಿ. ಅದರ ಬೆನ್ನಿಗೇ ನೀಲಗಿರಿ ತೈಲವನ್ನು ನೆನಪಿಸುವ ತಂಪು ಖಾರ, ಆಮೇಲೆ ಒಗರು. ನೀಲಗಿರಿಯ ನೆನಪಾಗುವುದು ಸುಮ್ಮನೆ ಅಲ್ಲ: ಆ ಎಣ್ಣೆಯಲ್ಲಿರುವ ಸಿನಿಯೋಲ್ ಎಂಬ ಘಮದ ಅಂಶ ಬಾಗ್ ಮಿರ್ಟಲ್ ಎಲೆಯಲ್ಲಿಯೂ ಇದೆ. ಸ್ಕಾಟ್ಲೆಂಡಿನ ಗುಡ್ಡಗಾಡು ಹೈಲ್ಯಾಂಡ್ಸ್‌ನ ಜನ ಕಚ್ಚುವ ನುಸಿಗಳನ್ನು ದೂರವಿಡಲು ಇದೇ ಗಿಡದ ರೆಂಬೆ ಬಳಸುತ್ತಿದ್ದರು. ಈಗ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಬಳಕೆಗೆ ಬರುವ ಮುನ್ನ ಉತ್ತರ ಯುರೋಪಿನ ಬಿಯರಿಗೆ ಕಹಿ ಕೊಡುತ್ತಿದ್ದ ಮುಖ್ಯ ಸೊಪ್ಪುಗಳಲ್ಲಿ ಇದೂ ಒಂದು. ಬೆಂಗಳೂರಿನ ಪಬ್‌ಗಳ ಐಪಿಎ ಎಂಬ ಕಹಿ ಬಿಯರ್ ಕುಡಿದು ರೂಢಿಯಾದವರಿಗೆ ಕಹಿ ಕಡಿಮೆ ಎನಿಸಬಹುದು. ನನಗಂತೂ ಆ ಒಗರು ಇನ್ನೂ ಸ್ವಲ್ಪ ಜೋರಾಗಿರಬೇಕಿತ್ತು.

ಸ್ಕಾಟ್ಲೆಂಡಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಜೌಗಿನಲ್ಲಿ ಬಾಗ್ ಮಿರ್ಟಲ್ ಸಿಕ್ಕಿತೆಂದು ಮನೆಯಲ್ಲಿ ಕಷಾಯ ಕಾಯಿಸಲು ಹೋಗಬೇಡಿ. ಹಿಂದೆ ಗರ್ಭಪಾತಕ್ಕೂ ಬಳಸುತ್ತಿದ್ದ ಎಲೆ ಇದು. ಗರ್ಭಿಣಿಯರು ಇದರಿಂದ ದೂರವಿರಬೇಕು.

ಇದೇ ವಿಲಿಯಮ್ಸ್ ಬ್ರದರ್ಸ್‌ನವರು ಪೈನ್ ಚಿಗುರಿನ ‘ಆಲ್ಬಾ’, ನೆಲ್ಲಿಯಂಥ ಗೂಸ್‌ಬೆರಿಯ ‘ಗ್ರೋಜೆಟ್’, ಕಡಲಪಾಚಿಯ ‘ಕೆಲ್ಪಿ’ ಎಂಬ ಏಲ್‌ಗಳನ್ನೂ ಮಾಡಿದ್ದಾರೆ. ಮುಂದಿನ ರುಚಿನೋಟಕ್ಕೆ ಯಾವುದು ಬೇಕೆಂದು ಕೆಳಗೆ ಬರೆಯಿರಿ. ನನ್ನ ಮತ ಕಡಲಪಾಚಿಗೆ.