ವಿಂಡೋಸ್ ಕಂಪ್ಯೂಟರನ್ನು ವೆಬ್ ಕೆಲಸಕ್ಕೆ ಸಜ್ಜು ಮಾಡುವುದು

ಕೇಳುಗರಿಗೆ ನಮಸ್ಕಾರ.

ವೆಬ್‌ಸೈಟ್ ಕಟ್ಟುವುದನ್ನು ಕಲಿಯಲು ಹೊರಟವರಲ್ಲಿ ಬಹಳ ಮಂದಿ ಕೋಡ್ ಬರೆಯುವ ಹಂತಕ್ಕೆ ಮುಟ್ಟುವ ಮುಂಚೆಯೇ ಕೈಬಿಡುತ್ತಾರೆ. ಸಿಂಧನೂರಿನಲ್ಲೋ ಕುಷ್ಟಗಿಯಲ್ಲೋ ಸಿರುಗುಪ್ಪದಲ್ಲೋ ಕೂತು, ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ನಲ್ಲಿ ಪಾಠದ ವಿಡಿಯೊ ನೋಡಿ, ಅದರಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಟೈಪ್ ಮಾಡಿರುತ್ತಾರೆ. ಪರದೆಯ ಮೇಲೆ ಕೆಂಪಕ್ಷರದ ಸಾಲುಗಳು ಬರುತ್ತವೆ. ಇದು ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ ಅಂತ ಲ್ಯಾಪ್‌ಟಾಪ್ ಮುಚ್ಚಿಡುತ್ತಾರೆ. ಆ ಕೆಂಪು ಸಾಲಿಗೂ ನಿಮ್ಮ ಬುದ್ಧಿಗೂ ಸಂಬಂಧವಿಲ್ಲ. ತಪ್ಪು ಬಹುತೇಕ ಯಂತ್ರದ ಯಾವುದೋ ಒಂದು ಸೆಟ್ಟಿಂಗ್‌ನಲ್ಲಿರುತ್ತದೆ, ಅದನ್ನು ಹುಡುಕಬಹುದು, ಸರಿಪಡಿಸಬಹುದು. ಇಂದಿನ ಮಾತು ಅದರ ಬಗ್ಗೆ. ಹಾಳೆ, ಪೆನ್ನು ಹತ್ತಿರ ಇಟ್ಟುಕೊಳ್ಳಿ. ಕೆಲವು ಆಜ್ಞೆಗಳನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ.

ಮೊದಲು ಯಂತ್ರದ ಶಕ್ತಿ ತಿಳಿಯಬೇಕು. ವಿಂಡೋಸ್ ಗುಂಡಿಯ ಜೊತೆ ಆರ್ ಒತ್ತಿ, ವಿನ್‌ವರ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ವಿಂಡೋಸ್ ಯಾವುದು ಅಂತ ಕಾಣುತ್ತದೆ. ವಿಂಡೋಸ್ 7 ಇದ್ದರೆ ಜಾವಾಸ್ಕ್ರಿಪ್ಟ್ ನಡೆಸುವ ಈಗಿನ ನೋಡ್‌ಜೆಎಸ್ ಆಗಲಿ, ಕೋಡ್ ಬರೆಯುವ ಈಗಿನ ವಿಎಸ್ ಕೋಡ್ ಆಗಲಿ ಅದರಲ್ಲಿ ನಡೆಯುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಲಿಕೆಗೆ ಅದು ಇನ್ನೂ ಸಾಕು, ಆದರೆ ಹೊಸದಾಗಿ ಕೊಳ್ಳುವವರು 11 ನಡೆಯುವ ಯಂತ್ರವನ್ನೇ ಕೇಳಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿ ರ‍್ಯಾಮ್ ಎಷ್ಟು, ಡಿಸ್ಕ್ ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಎಂಬುದು ಸಿಗುತ್ತದೆ. ಖರ್ಚಿಗೆ ಒಂದೇ ಬಾರಿ ದುಡ್ಡು ಹೊಂದುವುದಾದರೆ, ರ‍್ಯಾಮ್‌ಗಿಂತ ಮೊದಲು 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿ ಎಂದೇ ನಾನು ಹೇಳುವುದು. ಒಂದು ಸಾಧಾರಣ ನೋಡ್ ಪ್ರಾಜೆಕ್ಟ್ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಇಳಿಸಿಕೊಳ್ಳುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಒಂದೊಂದು ಫೈಲಿಗೂ ತನ್ನ ಮುಳ್ಳನ್ನು ಸರಿಸಬೇಕು. ಹಾಗಾಗಿ ಅಲ್ಲಿ ಸಮಯ ಹೋಗುತ್ತದೆ.

ಎರಡನೆಯದು ಹೆಸರು ಮತ್ತು ಜಾಗ. ಇದನ್ನು ಯಾವ ವಿಡಿಯೊದಲ್ಲೂ ಒತ್ತಿ ಹೇಳುವುದಿಲ್ಲ, ನನ್ನ ಪ್ರಕಾರ ಅರ್ಧ ತೊಂದರೆ ಇಲ್ಲೇ ಹುಟ್ಟುತ್ತದೆ. ವಿಂಡೋಸ್ ಬಳಕೆದಾರನ ಹೆಸರಲ್ಲಿ ಖಾಲಿ ಜಾಗವಾಗಲಿ ಕನ್ನಡ ಅಕ್ಷರವಾಗಲಿ ಇದ್ದರೆ ಕೆಲವು ಸಾಧನಗಳು ದಾರಿ ತಪ್ಪುತ್ತವೆ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಈಚೆಗೆ ಹೆಚ್ಚಾಗಿ ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ಗೆ ಕಟ್ಟಿಕೊಂಡಿರುತ್ತವೆ. ಅಲ್ಲಿ ಪ್ರಾಜೆಕ್ಟ್ ಇಟ್ಟರೆ ಆ ಸಾವಿರಾರು ಫೈಲುಗಳನ್ನೂ ಒನ್‌ಡ್ರೈವ್ ಮೇಲಕ್ಕೆ ಕಳಿಸಲು ಹೊರಡುತ್ತದೆ, ಡೇಟಾ ಮುಗಿಯುತ್ತದೆ, ಫೈಲು ಬೇರೆಯವರ ಬಳಕೆಯಲ್ಲಿದೆ ಎಂಬ ತಕರಾರು ಬರುತ್ತದೆ. ಅದಕ್ಕೇ ಸಿ ಡ್ರೈವ್‌ನಲ್ಲಿ ನೇರವಾಗಿ ವೆಬ್ ಎಂಬ ಫೋಲ್ಡರ್ ಮಾಡಿ. ಅದರೊಳಗೆ ನಿಮ್ಮ ಕೆಲಸದ ಹೆಸರು: ಕಿನ್ನಾಳದ ಗೊಂಬೆಗಳ ಪಟ್ಟಿ ಮಾಡುವ ಪುಟ ಎಂದುಕೊಳ್ಳೋಣ, ಆಗ ಫೋಲ್ಡರಿನ ಹೆಸರು ಕಿನ್ನಾಳ. ಇಂಗ್ಲಿಷಿನ ಚಿಕ್ಕ ಅಕ್ಷರ, ನಡುವೆ ಜಾಗ ಬೇಡ.

ಚಿಕ್ಕ ಅಕ್ಷರ ಎಂದದ್ದಕ್ಕೆ ಕಾರಣವಿದೆ. ಚಿತ್ರದ ಫೈಲಿನ ಹೆಸರಿನ ಕೊನೆಯಲ್ಲಿ ದೊಡ್ಡಕ್ಷರದ ಪಿಎನ್‌ಜಿ ಇರಲಿ, ಚಿಕ್ಕಕ್ಷರದ ಪಿಎನ್‌ಜಿ ಇರಲಿ, ವಿಂಡೋಸ್‌ಗೆ ಎರಡೂ ಒಂದೇ. ಆದರೆ ಪುಟವನ್ನು ಕೊನೆಗೆ ಏರಿಸುವ ಸರ್ವರಿನಲ್ಲಿ ಬಹುತೇಕ ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆ ಇರುತ್ತದೆ. ಅದಕ್ಕೆ ಅವು ಎರಡು ಬೇರೆ ಫೈಲು. ನಿಮ್ಮ ಮನೆಯಲ್ಲಿ ಕಂಡ ಗೊಂಬೆಯ ಚಿತ್ರ ಸರ್ವರಿನಲ್ಲಿ ಕಾಣದೆ ಹೋಗುವುದು ಇದರಿಂದಲೇ. ಇನ್ನೊಂದು: ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಆಮೇಲೆ ವಿಂಡೋಸ್ 11ರಲ್ಲಾದರೆ ಶೋ, ಅದರಡಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಎಂಬುದಕ್ಕೆ ಟಿಕ್ ಹಾಕಿ. ಇಲ್ಲವಾದರೆ ನೋಟ್‌ಪ್ಯಾಡ್ ನಿಮ್ಮ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್‌ನ ಹಿಂದೆ ಡಾಟ್ ಟಿಎಕ್ಸ್‌ಟಿ ಅಂಟಿಸಿದ್ದು ಕಣ್ಣಿಗೆ ಬೀಳುವುದೇ ಇಲ್ಲ.

ಈಗ ಸಾಧನಗಳು. ಪಟ್ಟಿ ಚಿಕ್ಕದಿರಲಿ: ಬರೆಯಲು ವಿಎಸ್ ಕೋಡ್, ಬದಲಾವಣೆಗಳ ಲೆಕ್ಕ ಇಡಲು ಗಿಟ್, ಜಾವಾಸ್ಕ್ರಿಪ್ಟ್ ಕಲಿಯುವವರಿಗೆ ನೋಡ್‌ಜೆಎಸ್, ಪಿಎಚ್‌ಪಿ ಕಲಿಯುವವರಿಗೆ ಎಕ್ಸ್‌ಎಎಂಪಿಪಿ, ಅಂದರೆ ಎಲ್ಲರೂ ಕರೆಯುವ ಝಾಂಪ್; ಅದರಲ್ಲಿ ಅಪಾಚೆ ಎಂಬ ವೆಬ್ ಸರ್ವರ್, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸೇರಿರುತ್ತವೆ. ವಿಎಸ್ ಕೋಡ್ ಬೇರೆ, ವಿಷುಯಲ್ ಸ್ಟುಡಿಯೋ ಬೇರೆ. ಎರಡನೆಯದು ಹಲವು ಜಿಬಿ ತೂಗುತ್ತದೆ, ನಿಮಗೆ ಅದು ಬೇಡ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಡೌನ್‌ಲೋಡ್ ಗುಂಡಿ ಒತ್ತಬೇಡಿ. ನೋಡ್‌ಜೆಎಸ್ ಡಾಟ್ ಆರ್ಗ್, ಅಪಾಚೆಫ್ರೆಂಡ್ಸ್ ಡಾಟ್ ಆರ್ಗ್, ಗಿಟ್ ಅಡ್ಡಗೀಟು ಎಸ್‌ಸಿಎಂ ಡಾಟ್ ಕಾಮ್, ಕೋಡ್ ಡಾಟ್ ವಿಷುಯಲ್‌ಸ್ಟುಡಿಯೋ ಡಾಟ್ ಕಾಮ್: ಈ ನಾಲ್ಕೇ ವಿಳಾಸ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಿಕೊಳ್ಳುವವರಿಗೆ ಒಂದು ಎಚ್ಚರಿಕೆ. ನೋಡ್ ಕೂರಿಸುವಾಗ ನಡುವೆ ಒಂದು ಪ್ರಶ್ನೆ ಬರುತ್ತದೆ, ಬೇಕಾದ ಇತರ ಸಾಧನಗಳನ್ನೂ ತಾನಾಗಿಯೇ ಹಾಕಲೇ ಎಂದು. ಅದಕ್ಕೆ ಟಿಕ್ ಹಾಕಬೇಡಿ. ಹಾಕಿದರೆ ಪೈಥಾನ್, ಮೈಕ್ರೋಸಾಫ್ಟ್‌ನ ಬಿಲ್ಡ್ ಟೂಲ್ಸ್ ಎಲ್ಲವೂ ಸೇರಿ ಕೆಲವು ಜಿಬಿ ಇಳಿಯುತ್ತವೆ, ದಿನದ ಡೇಟಾ ಅಲ್ಲಿಗೇ ತೀರುತ್ತದೆ. ಆವೃತ್ತಿ ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಇರುವುದು, ಎಂದು ಬರೆದದ್ದನ್ನೇ ಆರಿಸಿ. ಗಿಟ್ ಕೂರಿಸುವಾಗ ಎಡಿಟರ್ ಯಾವುದೆಂದು ಕೇಳುತ್ತದೆ. ಅಲ್ಲಿ ವಿಮ್ ತೆಗೆದು ವಿಎಸ್ ಕೋಡ್ ಆರಿಸಿ. ಅಪ್ಪಿತಪ್ಪಿ ವಿಮ್ ಒಳಗೆ ಸಿಕ್ಕಿಕೊಂಡರೆ ಎಸ್ಕೇಪ್ ಒತ್ತಿ, ಕೋಲನ್, ಕ್ಯೂ, ಉದ್ಗಾರ ಚಿಹ್ನೆ ಹಾಕಿ ಎಂಟರ್ ಕೊಟ್ಟರೆ ಹೊರಬರುತ್ತೀರಿ.

ಎಲ್ಲಾ ಕೂರಿಸಿದ ಮೇಲೆ ನೋಡ್ ಎಂಬ ಆಜ್ಞೆಯೇ ಗೊತ್ತಿಲ್ಲ ಎಂದು ಟರ್ಮಿನಲ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ, ಹೇಳಬಹುದು. ಟರ್ಮಿನಲ್ ತೆರೆದ ಗಳಿಗೆಯಲ್ಲಿ ಯಾವ ಯಾವ ಫೋಲ್ಡರ್‌ನಲ್ಲಿ ಹುಡುಕಬೇಕು ಎಂಬ ಪಟ್ಟಿಯನ್ನು ಓದಿಕೊಳ್ಳುತ್ತದೆ; ಅದಕ್ಕೆ ಪಾತ್ ಎನ್ನುತ್ತಾರೆ. ಮೊದಲೇ ತೆರೆದಿದ್ದ ಕಿಟಕಿಗೆ ಆಮೇಲೆ ಸೇರಿದ ಹೆಸರು ತಿಳಿದಿರುವುದಿಲ್ಲ. ಟರ್ಮಿನಲ್ಲನ್ನೂ ವಿಎಸ್ ಕೋಡನ್ನೂ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಬಹುಪಾಲು ಅಷ್ಟೇ ಸಾಕು.

ಆಮೇಲೆ ಬರುವುದು ಎನ್‌ಪಿಎಂ, ಅಂದರೆ ನೋಡ್ ಜೊತೆ ಬಂದು ಬೇಕಾದ ಕೋಡ್ ಇಳಿಸಿಕೊಡುವ ಸಾಧನ, ಅದರ ಕೆಂಪು ಸಾಲು: ಈ ಯಂತ್ರದಲ್ಲಿ ಸ್ಕ್ರಿಪ್ಟ್ ನಡೆಸುವುದನ್ನು ನಿಲ್ಲಿಸಲಾಗಿದೆ ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತದೆ. ಮನೆಬಳಕೆಯ ವಿಂಡೋಸ್‌ನಲ್ಲಿ ಆಜ್ಞೆ ಬರೆಯುವ ಪವರ್‌ಶೆಲ್ ಮೊದಲಿನಿಂದಲೂ ಹಾಗೆ ಬೀಗ ಹಾಕಿಕೊಂಡೇ ಬರುತ್ತದೆ. ಎರಡು ದಾರಿ ಇವೆ. ಪವರ್‌ಶೆಲ್ ಬದಲು ಆಜ್ಞೆ ಬರೆಯುವ ಹಳೆಯ ಕಿಟಕಿಯಾದ ಕಮಾಂಡ್ ಪ್ರಾಂಪ್ಟ್ ಬಳಸುವುದು ಒಂದು. ಇಲ್ಲವೇ ಹೀಗೆ ಬರೆಯುವುದು: ಸೆಟ್, ಅಡ್ಡಗೀಟು, ಎಕ್ಸಿಕ್ಯೂಶನ್‌ಪಾಲಿಸಿ, ಜಾಗ, ಅಡ್ಡಗೀಟು, ಸ್ಕೋಪ್, ಜಾಗ, ಕರೆಂಟ್‌ಯೂಸರ್, ಜಾಗ, ರಿಮೋಟ್‌ಸೈನ್ಡ್. ಕರೆಂಟ್‌ಯೂಸರ್ ಎಂದರೆ ನಿಮ್ಮ ಖಾತೆಗೆ ಮಾತ್ರ ಅನ್ವಯ. ಬೀಗವನ್ನೇ ಕಿತ್ತೊಗೆಯುವ ಅನ್‌ರಿಸ್ಟ್ರಿಕ್ಟೆಡ್ ಎಂಬ ಸಲಹೆಯೂ ಎಲ್ಲೆಡೆ ಸಿಗುತ್ತದೆ, ಅದನ್ನು ಕೇಳಬೇಡಿ.

ಝಾಂಪ್‌ನವರ ಕಡೆ ಬರೋಣ. ಇದನ್ನು ಸಿ ಡ್ರೈವ್‌ನಲ್ಲಿ ಝಾಂಪ್ ಎಂಬ ಅದರದ್ದೇ ಫೋಲ್ಡರ್‌ನಲ್ಲಿ ಕೂರಿಸಿ. ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಿದರೆ ಫೈಲ್ ಬರೆಯಲು ವಿಂಡೋಸ್ ಅಡ್ಡಿ ಮಾಡುತ್ತದೆ. ನಿಮ್ಮ ಪುಟಗಳು ಅದರೊಳಗಿನ ಎಚ್‌ಟಿಡಾಕ್ಸ್ ಫೋಲ್ಡರ್‌ನಲ್ಲಿರಬೇಕು. ಹಾಗಾಗಿ ಪಿಎಚ್‌ಪಿಯವರು ಕಿನ್ನಾಳ ಫೋಲ್ಡರನ್ನು ಅಲ್ಲೇ ಮಾಡಿಕೊಳ್ಳಿ. ಅಪಾಚೆ ಮುಂದಿನ ಸ್ಟಾರ್ಟ್ ಒತ್ತಿದರೆ ಹಸಿರಾಗಿ ಮತ್ತೆ ಆರಿಹೋದರೆ, ಹೆಚ್ಚಿನ ಸಲ ಜಗಳ ಪೋರ್ಟ್ 80ರದ್ದು. ಪೋರ್ಟ್ ಅಂದರೆ ಬಾಗಿಲ ಸಂಖ್ಯೆ ಎಂದುಕೊಳ್ಳಿ, ಒಂದು ಬಾಗಿಲಲ್ಲಿ ಒಬ್ಬರೇ ನಿಲ್ಲಬಹುದು. ಯಾರು ನಿಂತಿದ್ದಾರೆ ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್‌ಸ್ಟ್ಯಾಟ್, ಜಾಗ, ಅಡ್ಡಗೀಟು ಎ ಎನ್ ಓ ಎಂದು ಬರೆಯಿರಿ. ಲೋಕಲ್ ಅಡ್ರೆಸ್ ಕೋಲನ್ 80 ಎಂದು ಮುಗಿಯುವ, ಲಿಸನಿಂಗ್ ಎಂದಿರುವ ಸಾಲಿನ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಪ್ರೋಗ್ರಾಂ ಯಾವುದೆಂದು ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಎಂಬಲ್ಲಿ ನೋಡಬಹುದು. ಸಂಖ್ಯೆ 4 ಇದ್ದರೆ ಅದು ವಿಂಡೋಸೇ. ಹೆಚ್ಚಾಗಿ ಐಐಎಸ್ ಎಂಬ ಅದರ ಸ್ವಂತ ವೆಬ್ ಸರ್ವರ್ ಎದ್ದು ಕೂತಿರುತ್ತದೆ. ಅದರೊಡನೆ ಗುದ್ದಾಡುವುದಕ್ಕಿಂತ ಅಪಾಚೆಯನ್ನು ಬೇರೆ ಬಾಗಿಲಿಗೆ ಕಳಿಸುವುದು ಸುಲಭ. ಝಾಂಪ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಪಾಚೆಯ ಕಾನ್ಫಿಗ್ ಒತ್ತಿ, ಎಚ್‌ಟಿಟಿಪಿಡಿ ಡಾಟ್ ಕಾನ್ಫ್ ತೆರೆಯಿರಿ. ಲಿಸನ್ 80 ಎಂಬುದನ್ನು ಲಿಸನ್ 8080 ಮಾಡಿ. ಸರ್ವರ್‌ನೇಮ್ ಸಾಲಿನಲ್ಲೂ 80ರ ಜಾಗಕ್ಕೆ 8080 ಬರೆಯಿರಿ. ಉಳಿಸಿ ಮತ್ತೆ ಸ್ಟಾರ್ಟ್ ಕೊಡಿ. ಇನ್ನು ಬ್ರೌಸರ್‌ನಲ್ಲಿ ನಿಮ್ಮ ಯಂತ್ರದ್ದೇ ವಿಳಾಸವಾದ ಲೋಕಲ್‌ಹೋಸ್ಟ್ ಆದ ಮೇಲೆ ಕೋಲನ್ 8080 ಸೇರಿಸಬೇಕು.

ಕನ್ನಡದ ಪುಟ ಕಟ್ಟುವವರಿಗೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಬರೆದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡರೆ ಹೆಚ್ಚಿನ ಸಲ ಅಕ್ಷರ ನಿಜವಾಗಿಯೂ ಕಳೆದುಹೋಗಿರುತ್ತದೆ, ಫಾಂಟ್ ಬದಲಿಸಿದರೆ ಮರಳಿ ಬರುವುದಿಲ್ಲ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8 ರೀತಿಯಲ್ಲಿ ಮೂರು ಬೈಟ್ ಬೇಕು. ಬಳ್ಳಾರಿ ಎಂಬ ಪದ ನೋಡಿ. ಓದುವಾಗ ಮೂರಕ್ಷರ. ಯಂತ್ರಕ್ಕೆ ಬ, ಳ, ಅರ್ಧ ಮಾಡುವ ವಿರಾಮ, ಮತ್ತೆ ಳ, ದೀರ್ಘ, ರ, ಗುಡಿಸು ಎಂದು ಏಳು ಚಿಹ್ನೆ, ಒಟ್ಟು 21 ಬೈಟ್. ಪಿಎಚ್‌ಪಿಯಲ್ಲಿ ಪದದ ಉದ್ದ ಎಣಿಸುವ ಎಸ್‌ಟಿಆರ್‌ಲೆನ್ ಬೈಟ್ ಎಣಿಸಿ 21 ಎನ್ನುತ್ತದೆ, ಎಂಬಿ ಅಡಿಗೀಟು ಎಸ್‌ಟಿಆರ್‌ಲೆನ್ ಚಿಹ್ನೆ ಎಣಿಸಿ ಏಳು ಎನ್ನುತ್ತದೆ. ಫಾರಂನಲ್ಲಿ ಹೆಸರಿಗೆ ಹತ್ತೇ ಚಿಹ್ನೆ ಎಂದು ಮಿತಿ ಹಾಕಿದರೆ ನಮ್ಮ ಊರಿನ ಉದ್ದ ಹೆಸರುಗಳು ಒತ್ತಕ್ಷರದ ನಡುವೆಯೇ ಕತ್ತರಿಸಿ ಹೋಗುವುದು ಈ ಲೆಕ್ಕದಿಂದ.

ಹಾಗಾಗಿ ಮೂರು ಕಡೆ ಒಂದೇ ಮಾತು ಇರಬೇಕು. ಫೈಲು ಯುಟಿಎಫ್-8ರಲ್ಲಿ ಉಳಿದಿರಬೇಕು. ವಿಎಸ್ ಕೋಡ್ ತಾನೇ ಹಾಗೆ ಮಾಡುತ್ತದೆ, ಕೆಳಗಿನ ಪಟ್ಟಿಯಲ್ಲಿ ಬಲಕ್ಕೆ ಬರೆದಿರುತ್ತದೆ. ನೋಟ್‌ಪ್ಯಾಡ್ 2019ರ ಮೇ ತಿಂಗಳ ವಿಂಡೋಸ್ ಅಪ್‌ಡೇಟಿನ ಮುಂಚಿನದಾದರೆ ಕನ್ನಡ ಹಿಡಿಸದ ಆನ್ಸಿ ಎಂಬ ಹಳೆಯ ರೀತಿಯಲ್ಲಿ ಉಳಿಸುತ್ತಿತ್ತು, ಹಳೆಯ ಯಂತ್ರದಲ್ಲಿ ಅಕ್ಷರ ಹಾಳಾಗುವುದು ಅಲ್ಲೇ. ಪುಟದ ತಲೆಯಲ್ಲಿ ಮೆಟಾ ಚಾರ್‌ಸೆಟ್ ಯುಟಿಎಫ್-8 ಎಂಬ ಸಾಲು ಇರಬೇಕು. ಡೇಟಾಬೇಸ್ ಟೇಬಲ್ಲೂ, ಪಿಎಚ್‌ಪಿ ಅದಕ್ಕೆ ಮಾಡುವ ಸಂಪರ್ಕವೂ ಯುಟಿಎಫ್8ಎಂಬಿ4 ಆಗಿರಬೇಕು. ಬರಿಯ ಯುಟಿಎಫ್8 ಎಂದರೆ ಅಲ್ಲಿ ಮೂರು ಬೈಟಿಗೇ ಮಿತಿ: ಕನ್ನಡ ಹಿಡಿಸುತ್ತದೆ, ಗ್ರಾಹಕರು ಒಂದು ಇಮೋಜಿ ಹಾಕಿದರೆ ಹಿಡಿಸುವುದಿಲ್ಲ. ಇನ್ನು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಡಿಟಿಪಿಯವರು ಟೈಪ್ ಮಾಡಿಕೊಟ್ಟ ವಿವರವನ್ನು ಹಾಗೆಯೇ ಪುಟಕ್ಕೆ ಅಂಟಿಸಬೇಡಿ. ಅದರ ಒಳಗಿರುವುದು ಇಂಗ್ಲಿಷ್ ಮಾದರಿಯ ಸಂಕೇತಗಳು, ಆ ಫಾಂಟ್ ಇಲ್ಲದ ಫೋನಿನಲ್ಲಿ ಅವು ಅರ್ಥವಿಲ್ಲದ ಗೀಚಾಗಿ ಕಾಣುತ್ತವೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಅರ್ಕಾವೊತ್ತುಗಳನ್ನು ಕಣ್ಣಿಟ್ಟು ಓದಿ, ಆಮೇಲೆ ಹಾಕಿ.

ರ‍್ಯಾಮ್ 8 ಜಿಬಿಯೋ ಹೆಚ್ಚೋ ಇರುವವರು ವಿಂಡೋಸ್ ಒಳಗೇ ಲಿನಕ್ಸ್ ನಡೆಸಬಹುದು, ಅದಕ್ಕೆ ಡಬ್ಲ್ಯುಎಸ್‌ಎಲ್ ಎನ್ನುತ್ತಾರೆ. 4 ಜಿಬಿಯವರಿಗೆ ಇದೂ ಬೇಡ, ಸಾಧನಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟಂತೆ ನಡೆಸುವ ಡಾಕರೂ ಬೇಡ, ಯಂತ್ರ ಉಸಿರಾಡುವುದಿಲ್ಲ. ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಬ್ಲ್ಯುಎಸ್‌ಎಲ್, ಜಾಗ, ಎರಡು ಅಡ್ಡಗೀಟು, ಇನ್‌ಸ್ಟಾಲ್ ಎಂದು ಕೊಟ್ಟರೆ ಉಬುಂಟು ಎಂಬ ಲಿನಕ್ಸ್ ಬರುತ್ತದೆ, ಒಮ್ಮೆ ರೀಸ್ಟಾರ್ಟ್ ಕೇಳುತ್ತದೆ. 80370102 ಎಂದು ಮುಗಿಯುವ ತಪ್ಪು ಬಂದರೆ, ಬಯಾಸ್‌ನಲ್ಲಿ, ಅಂದರೆ ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್‌ನಲ್ಲಿ, ವರ್ಚುವಲೈಸೇಶನ್ ಆರಿರಬಹುದು, ಅದನ್ನು ಹಚ್ಚಿ. ಇಂಟೆಲ್‌ನಲ್ಲಿ ಅದೇ ಹೆಸರು, ಎಎಂಡಿಯಲ್ಲಿ ಎಸ್‌ವಿಎಂ. ಉಬುಂಟು ಪಾಸ್‌ವರ್ಡ್ ಕೇಳಿದಾಗ ಟೈಪ್ ಮಾಡಿದ್ದು ಪರದೆಯ ಮೇಲೆ ಏನೂ ಕಾಣುವುದಿಲ್ಲ, ಚುಕ್ಕಿ ಕೂಡ. ಕೀಬೋರ್ಡ್ ಕೆಟ್ಟಿಲ್ಲ, ಬರೆದು ಎಂಟರ್ ಕೊಡಿ. ಇಲ್ಲಿ ಪ್ರಾಜೆಕ್ಟನ್ನು ಸಿ ಡ್ರೈವ್‌ನಲ್ಲಿ ಇಡದೆ ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲೇ ಇಡಿ. ಎರಡರ ನಡುವಿನ ಗಡಿ ದಾಟುವಾಗಲೆಲ್ಲ ಫೈಲು ಓದುವುದು ಬಹಳ ನಿಧಾನವಾಗುತ್ತದೆ.

ಪುಟವನ್ನು ಫೋನಿನಲ್ಲೂ ನೋಡಿ, ಕೊಳ್ಳುವವರು ನೋಡುವುದು ಅಲ್ಲೇ. ಎರಡೂ ಒಂದೇ ವೈಫೈನಲ್ಲಿರಲಿ. ಐಪಿಕಾನ್ಫಿಗ್ ಎಂದು ಬರೆದರೆ ಐಪಿವಿ4 ವಿಳಾಸ ಸಿಗುತ್ತದೆ, ಅದರ ಕೊನೆಗೆ ಕೋಲನ್ ಹಾಕಿ ಪೋರ್ಟ್ ಸೇರಿಸಿ ಫೋನಿನ ಬ್ರೌಸರ್‌ನಲ್ಲಿ ಹಾಕಿ. ತೆರೆಯದಿದ್ದರೆ ವಿಂಡೋಸ್ ಆ ವೈಫೈಯನ್ನು ಪಬ್ಲಿಕ್ ಎಂದು ಎಣಿಸಿರಬಹುದು. ಮನೆಯದಾದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಮಾಡಿ, ಬಸ್ ನಿಲ್ದಾಣದ ವೈಫೈಯಾದರೆ ಹಾಗೇ ಬಿಡಿ. ಝಾಂಪ್‌ನ ಡೇಟಾಬೇಸಿಗೆ ಮೊದಲಿಗೆ ಪಾಸ್‌ವರ್ಡೇ ಇರುವುದಿಲ್ಲ. ಅದು ಕಲಿಯಲು ಮಾತ್ರ, ಊರಿಗೆಲ್ಲ ತೆರೆದಿಡಲು ಅಲ್ಲ.

ಕೊನೆಯದು ಕರೆಂಟ್. ಬೇಸಿಗೆಯಲ್ಲಿ ನಮ್ಮ ಕಡೆ ಅದು ಹೇಳದೆ ಹೋಗುತ್ತದೆ. ಡೇಟಾಬೇಸ್ ಬರೆಯುತ್ತಿದ್ದ ಗಳಿಗೆಯಲ್ಲೇ ಡೆಸ್ಕ್‌ಟಾಪ್ ಆರಿದರೆ, ಮರುದಿನ ಮೈಎಸ್‌ಕ್ಯೂಎಲ್ ಅನಿರೀಕ್ಷಿತವಾಗಿ ನಿಂತಿತು ಎಂಬ ಸಾಲು ಕಾಣುತ್ತದೆ. ಆಗ ಏನನ್ನೂ ಅಳಿಸಬೇಡಿ. ಝಾಂಪ್‌ನ ಮೈಎಸ್‌ಕ್ಯೂಎಲ್ ಫೋಲ್ಡರ್‌ನಲ್ಲಿ ಡೇಟಾ ಎಂಬುದರ ಹೆಸರನ್ನು ಡೇಟಾ-ಹಳೆ ಎಂಬರ್ಥದ ಬೇರೊಂದು ಹೆಸರಿಗೆ ಬದಲಿಸಿ. ಪಕ್ಕದ ಬ್ಯಾಕಪ್ ಫೋಲ್ಡರಿನ ಒಂದು ನಕಲು ಮಾಡಿ ಅದಕ್ಕೆ ಡೇಟಾ ಎಂದು ಹೆಸರಿಡಿ. ಹಳೆಯದರಿಂದ ನಿಮ್ಮ ಸ್ವಂತ ಡೇಟಾಬೇಸಿನ ಫೋಲ್ಡರ್‌ಗಳನ್ನೂ ಐಬಿಡೇಟಾ1 ಎಂಬ ಫೈಲನ್ನೂ ಹೊಸದಕ್ಕೆ ನಕಲಿಸಿ, ಮತ್ತೆ ಸ್ಟಾರ್ಟ್ ಕೊಡಿ. ಹೆಚ್ಚಿನ ಸಲ ಎದ್ದು ನಿಲ್ಲುತ್ತದೆ. ಕೆಲಸ ಮುಗಿಸುವಾಗ ಪ್ರತಿ ಸಂಜೆ ಝಾಂಪ್‌ನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಪುಟವಾದ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿ, ಬಂದ ಎಸ್‌ಕ್ಯೂಎಲ್ ಫೈಲಿಗೆ ಆ ದಿನದ ತಾರೀಖು ಹಾಕಿ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಆಮೇಲೆ ಮೈಎಸ್‌ಕ್ಯೂಎಲ್ ಮುಂದಿನ ಸ್ಟಾಪ್, ಅಪಾಚೆ ಮುಂದಿನ ಸ್ಟಾಪ್, ಅದಾದ ಮೇಲಷ್ಟೇ ವಿಂಡೋಸ್ ಶಟ್‌ಡೌನ್.

ನಮಸ್ಕಾರ.