ಕವಚದ ಲೆಕ್ಕ: ಲೋಹ ಬದಲಾದರೆ ಏನು ಬದಲಾಗಬೇಕು?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಸ್ವಂತ ಆಟ ಕಟ್ಟುವ ಉಮೇದಿನವರು ಇಷ್ಟು ಜನ ಸೇರಿದ್ದೀರಿ, ಪೀಠಿಕೆ ಬಿಟ್ಟು ನೇರ ಲೆಕ್ಕಕ್ಕೇ ಬರುತ್ತೇನೆ.

ದಾಳ ಉರುಳಿಸುತ್ತಾ ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ ಚೈನ್ ಮೇಲ್‌ಗೆ, ಅಂದರೆ ಉಂಗುರ ಹೆಣೆದ ಕವಚಕ್ಕೆ, 75 ಚಿನ್ನದ ನಾಣ್ಯ, ರಕ್ಷಣಾಂಕ 16. ಲೋಹದ ತಗಡಿನ ಪ್ಲೇಟ್‌ಗೆ 1,500 ನಾಣ್ಯ, ರಕ್ಷಣಾಂಕ 18. ಇಪ್ಪತ್ತು ಪಟ್ಟು ದುಡ್ಡು ಸುರಿದು ಬರೀ ಎರಡು ಅಂಕವೇ? ದಾಳದ ಅಂಕಕ್ಕೆ ದಾಳಿಯ ಬಲ ಕೂಡಿಸಿದಾಗ ರಕ್ಷಣಾಂಕ ಮುಟ್ಟಿದರೆ ಏಟು ತಾಗಿತು. ದಾಳಿಗೆ +5 ಇರುವ ಶತ್ರು ಇಪ್ಪತ್ತು ಮುಖದ ದಾಳ ಉರುಳಿಸಿದರೆ 16ಕ್ಕೆ ನೂರರಲ್ಲಿ 50 ಏಟು ತಾಗುತ್ತವೆ, 18ಕ್ಕೆ 40. ಐದರಲ್ಲಿ ಒಂದು ಏಟು ತಪ್ಪಿತು. ಅದೇ ಎರಡು ಅಂಕ 22ರಿಂದ 24ಕ್ಕೆ ಏರಿದಾಗ 20 ಏಟು 10 ಆಗುತ್ತದೆ, ಅರ್ಧಕ್ಕರ್ಧ! ಮೇಲೆ ಹೋದಷ್ಟೂ ಒಂದೊಂದು ಅಂಕವೂ ತುಟ್ಟಿ. ಹೊಸಬರು ಎಡವುವುದು ಇಲ್ಲೇ. ಲೋಹಕ್ಕೊಂದು +2 ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಮಂತ್ರಬಲದ +3 ಪ್ಲೇಟ್ (18+3) ಜೊತೆ +3 ಗುರಾಣಿ (2+3) ಹಿಡಿದರೆ 26. ಆ ಶತ್ರುವಿಗೆ ದಾಳದಲ್ಲಿ 20 ಬಿದ್ದರಷ್ಟೇ ಏಟು, 20 ಬಿದ್ದರೆ ಲೆಕ್ಕ ಏನೇ ಇರಲಿ ತಾಗುತ್ತದೆ. ಸರಿ, ಆಟ ನಡೆಸುವವರು ಶತ್ರುವಿನ ಬಲ ಏರಿಸುತ್ತಾರೆ. ಆಗ ಪಕ್ಕದಲ್ಲಿ ನಿಂತ ಕವಚವಿಲ್ಲದ ಬಡಪಾಯಿ ಮಂತ್ರವಾದಿ ಮೊದಲ ಸುತ್ತಿಗೇ ಮಲಗುತ್ತಾನೆ.

ಅದೇ ಆಟದ ಮಿಥ್ರಲ್ ಎಂಬ ಕಾಲ್ಪನಿಕ ಲೋಹ ನೋಡಿ, ರಕ್ಷಣಾಂಕ ಏರಿಸುವುದೇ ಇಲ್ಲ. ಪ್ಲೇಟ್ ತೊಟ್ಟು ಸದ್ದಿಲ್ಲದೆ ನುಸುಳಲು ಇದ್ದ ಅಡ್ಡಿ, ಬಲ 15 ಇರಬೇಕೆಂಬ ಷರತ್ತು, ಎರಡನ್ನೂ ತೆಗೆದುಹಾಕುತ್ತದೆ. ಅಡಮಂಟೈನ್ ಎಂಬ ಇನ್ನೊಂದು ಲೋಹದ ಕವಚವಾದರೆ ಮರ್ಮಾಘಾತವನ್ನು (ದಾಳದಲ್ಲಿ 20 ಬಿದ್ದಾಗಿನ ದೊಡ್ಡ ಏಟನ್ನು) ಸಾದಾ ಏಟಾಗಿಸುತ್ತದೆ. ಎರಡರಲ್ಲಿ ಯಾವುದು ಮೇಲು ಅಂತ ಆಟಗಾರರು ಜಗಳವಾಡಬೇಕು. ನನಗೆ ಇಷ್ಟವಾದ ವಿನ್ಯಾಸ ಇದೇ.

2011ರ ಸ್ಕೈರಿಮ್ ಎಂಬ ವಿಡಿಯೋ ಆಟದಲ್ಲಿ ಕವಚಗಳ ಏಣಿ ಉದ್ದ: ಕಬ್ಬಿಣ, ಉಕ್ಕು, ಎಬೊನಿ, ಡೇಡ್ರಿಕ್, ಡ್ರ್ಯಾಗನ್ ಹೀಗೆ. ಆದರೆ ಗುರಾಣಿಯಿಲ್ಲದೆ ನಾಲ್ಕು ಭಾಗ ತೊಟ್ಟಾಗ ರಕ್ಷಣೆ 567 ಮುಟ್ಟಿದರೆ ಶೇ 80ರಷ್ಟು ಏಟು ತಡೆಯುತ್ತದೆ, ಅದರಾಚೆ ಎಲ್ಲ ದಂಡ. ಕಮ್ಮಾರಿಕೆಯ ಕೌಶಲ ಚೆನ್ನಾಗಿ ಏರಿಸಿದವರು ಕೆಳದರ್ಜೆಯ ಕವಚದಲ್ಲೇ ಅಲ್ಲಿಗೆ ಮುಟ್ಟುತ್ತಾರೆ. ತಮಾಷೆ ಅಂದರೆ, ಕಮ್ಮಾರಿಕೆ 90ಕ್ಕೆ ಸಿಗುವ ಡೇಡ್ರಿಕ್ ಎದೆಗವಚಕ್ಕೆ 49 ಅಂಕ, 100ಕ್ಕೆ ಸಿಗುವ ಡ್ರ್ಯಾಗನ್‌ಪ್ಲೇಟ್‌ಗೆ 46! ಡ್ರ್ಯಾಗನ್‌ಪ್ಲೇಟ್ ಹಗುರ, ಅದೊಂದೇ ಸಮಾಧಾನ.

ಇನ್ನು ನಿಮ್ಮದೇ ಲೋಕ ಕಟ್ಟುವಾಗ ಒಳ್ಳೆಯ ಕವಚ ಸುಲಭಕ್ಕೆ ಸಿಗದಂತೆ ಬೀಗ ಎಲ್ಲಿ ಹಾಕಬೇಕು? ಹೆಚ್ಚಿನವರು ಅದಿರಿಗೆ ಹಾಕುತ್ತಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನೆನಪಿಸಿಕೊಳ್ಳಿ. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಕುಲುಮೆ ಉರಿಸಲು ಮಲೆನಾಡಿನ ಕಾಡಿನ ಇದ್ದಿಲು ಬೇಕಿತ್ತು. ನಿಮ್ಮ ಆಟದಲ್ಲೂ ಇದ್ದಿಲಿಗೆ ಬೀಗ ಹಾಕಿ. ಉಕ್ಕಿನ ಎದೆಗವಚಕ್ಕೆ ಅದಿರು 3, ಇದ್ದಿಲು 6 ಅಂತಿಡಿ. ಕಾಡು ಕಡಿದರೆ ವನದೇವತೆ ಮುನಿಯುತ್ತಾಳೆ, ಕಥೆ ತಾನಾಗಿ ಹುಟ್ಟುತ್ತದೆ.

ಮಳೆಯನ್ನೂ ಬಿಡಬೇಡಿ. ಆಗುಂಬೆ ಕಡೆಯ ಜಡಿಮಳೆಯಲ್ಲಿ ಕಬ್ಬಿಣಕ್ಕೆ ತುಕ್ಕು, ತೊಗಲಿಗೆ ಬೂಷ್ಟು. ಎಣ್ಣೆ ಸವರದ ಕಬ್ಬಿಣಕ್ಕೆ ಅದೇ ಇಪ್ಪತ್ತು ಮುಖದ ದಾಳ ಉರುಳಿಸಿ. 5 ಅಥವಾ ಕಡಿಮೆ ಬಿದ್ದರೆ ರಕ್ಷಣಾಂಕ ಒಂದು ಇಳಿಯಲಿ. ವಾರಕ್ಕೊಮ್ಮೆ ಸಾಕು. ದಿನಾ ಉರುಳಿಸಿದರೆ ಆಟಗಾರರು ಕವಚ ಮೂಲೆಗಿಟ್ಟು, ಕಂಬಳಿ ಕೊಪ್ಪೆ ಹಾಕಿಕೊಂಡು ಗುಹೆಗೆ ಹೊರಡುತ್ತಾರೆ.